ಅಲೆ ಹಲಗೆಗೆ ತೇಪೆ ಹಾಕಿದ ಉಸ್ತಾದ್

ನನ್ನ ಮಗಳ ಮಗಳಿಗೆ ಮೊನ್ನೆ ಭಾನುವಾರ ತೊಟ್ಟಿಲು ಹಾಕಿದೆವು. ಕಲ್ಯಾಣ ನಗರದ ಆ ಪುಟ್ಟ ಮನೆ ತುಂಬ ಜನ. ಮಗು ಹೇಗಿದೆ ಅಂತ ಮಾತ್ರ ಕೇಳಬೇಡಿ, ಕೇಳಿದರೆ ನಾನು ನಿಲ್ಲಿಸುವುದಿಲ್ಲ. ಹುಟ್ಟುವಾಗಲೇ ಕಿವಿ ಮುಚ್ಚುವಷ್ಟು ಕೂದಲು. ಮುಷ್ಟಿ ಬಿಡಿಸಿ ನನ್ನ ಬೆರಳು ಇಟ್ಟರೆ ಹಿಡಿದುಕೊಂಡೇ ನಿದ್ದೆ ಹೋಗುತ್ತದೆ. ಕಾಲು ಜೋಮು ಹಿಡಿದರೂ ನಾನು ಏಳುವುದಿಲ್ಲ. ಇಷ್ಟು ವರ್ಷದಲ್ಲಿ ಇಷ್ಟೊಂದು ಸಂತೋಷ ಒಂದೇ ಕಡೆ ಕಂಡವಳಲ್ಲ ನಾನು. ಅವತ್ತು ಊಟದ ಎಲೆ ಎತ್ತುವ ಹೊತ್ತಿಗೆ ಸೆಲ್ವಂ ಫೋನ್ ಮಾಡಿದ. ನಾವಿಬ್ಬರೂ ಒಂದೇ ಶೆಡ್ಡಿನಲ್ಲಿ ಹದಿನೈದು ವರ್ಷ ಕೆಲಸ ಮಾಡಿದವರು.

"ಅಕ್ಕಾ, ಬಾಯ್ ಹೋಗ್ಬಿಟ್ರು," ಅಂದ. "ಬೆಳಗ್ಗೆ. ಈಗ ಮಣ್ಣು ಮಾಡ್ಕೊಂಡು ಬಂದ್ವಿ."

ತೋಳಲ್ಲಿ ಮಗು ಇತ್ತು. ಅಳಬೇಕು ಅನ್ನಿಸಿತು, ಮಗುವಿನ ಮುಖ ನೋಡಿದರೆ ಅಳು ಬರಲಿಲ್ಲ. ಸಂತೋಷವಾಗಿರುವ ಮನೆಯಲ್ಲಿ ಸತ್ತವರ ಸುದ್ದಿ ಹೇಳಬಾರದು ಅಂತ ಯಾರಿಗೂ ಹೇಳಲಿಲ್ಲ. ಮಗಳಿಗೆ ಮಾತ್ರ ಮಾರನೇ ದಿನ ಹೇಳಿದೆ. ಅವಳು ಮಗುವಿಗೆ ಹಾಲು ಕುಡಿಸುತ್ತಿದ್ದವಳು, "ನಿಮ್ಮ ಉಸ್ತಾದಾ?" ಅಂದಳು. ಅವಳಿಗೂ ಅವರ ಋಣ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಅವರ ಹೆಸರು ಬರೆಯುವುದಿಲ್ಲ. ಎದುರಿಗಿದ್ದಾಗ ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ, ಈಗ್ಯಾಕೆ. ನನಗೆ ಅವರು ಉಸ್ತಾದ್, ಕೆಲಸ ಕಲಿಸಿದ ಗುರು. ಸೆಲ್ವಂಗೆ ಬಾಯ್. ಮನೆ ಶಿವಾಜಿನಗರದಲ್ಲಿ. ಕೆ.ಆರ್. ಪುರದಲ್ಲಿ ಹಳೇ ಮದ್ರಾಸ್ ರಸ್ತೆಯಿಂದ ಒಂಚೂರು ಒಳಗೆ, ರೈಲು ಹೋದರೆ ನಡುಗುವ ಒಂದು ತಗಡಿನ ಶೆಡ್ಡು ಅವರದು. ಫೈಬರ್ ಕೆಲಸ. ಗಾಜಿನ ನಾರಿನ ಮ್ಯಾಟನ್ನು ಅಚ್ಚಿನ ಮೇಲೆ ಹಾಸಬೇಕು, ಅದರ ಮೇಲೆ ಜೇನುತುಪ್ಪದ ಹಾಗಿರುವ ರೆಸಿನ್ ಬಳಿಯಬೇಕು, ಕಲ್ಲಾದ ಮೇಲೆ ಅಚ್ಚು ಬಿಡಿಸಬೇಕು. ನೀರಿನ ಟ್ಯಾಂಕು, ಟೆಂಪೋ ಬಂಪರು, ಪಾರ್ಕಿನಲ್ಲಿ ಬಾಯಿ ತೆರೆದುಕೊಂಡು ನಿಂತಿರುತ್ತದಲ್ಲ ಮೊಲದ ಕಸದ ಡಬ್ಬಿ, ಅದು, ಎಲ್ಲ ಅಲ್ಲಿ ಹುಟ್ಟುತ್ತಿದ್ದವು.

ನಾನು ಸೇರಿದಾಗ ಮಗಳಿಗೆ ಆರು ವರ್ಷ. ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ಹಲಸೂರಿನಿಂದ ಬಸ್ಸು ಹಿಡಿದು ಬರುತ್ತಿದ್ದೆ. ಮೊದಲ ದಿನ ಮ್ಯಾಟು ಕತ್ತರಿಸಿದ್ದಕ್ಕೆ ಸಂಜೆಗೆ ಮೈಯೆಲ್ಲ ನವೆ. ಮನೆಗೆ ಹೋಗಿ ಬಿಸಿನೀರು ಹುಯ್ದುಕೊಂಡೆ, ಇನ್ನೂ ಹೆಚ್ಚಾಯಿತು. ಬೆಳಗ್ಗೆ ಉಸ್ತಾದ್ ನನ್ನ ಕುತ್ತಿಗೆ ನೋಡಿದವರೇ ಕೇಳಿದರು.

"ಬಿಸಿನೀರು ಹಾಕಿದ್ಯಾ ಮಾ?"

"ಹೂಂ ಉಸ್ತಾದ್."

"ನಕ್ಕೊ, ಬೇಡ. ಬಿಸಿನೀರು ಹಾಕಿದ್ರೆ ಚರ್ಮ ಬಾಯಿ ಬಿಡ್ತದೆ, ಗಾಜು ಒಳಗೆ ಹೋಗಿ ಕೂತ್ಕೊಂತದೆ. ತಣ್ಣೀರು. ಕೆಲಸಕ್ಕೆ ಮುಂಚೆ ಕೈಗೆ ಕೊಬ್ಬರಿ ಎಣ್ಣೆ."

ಅವತ್ತೇ ಮಧ್ಯಾಹ್ನ ಶೆಡ್ಡಿನ ಮೂಲೆಯಲ್ಲಿ ಹಳೇ ಸೀರೆ ಕಟ್ಟಿ ಮರೆ ಮಾಡಿದರು. ಒಂದು ಬಕೆಟ್ ಇಟ್ಟರು. "ಸಂಜೆ ಕೈಕಾಲು ತೊಳ್ಕೊಂಡು, ಬೇರೆ ಸೀರೆ ಉಟ್ಕೊಂಡು ಹೋಗು. ನಿನ್ ಮಗಳು ಓಡಿ ಬಂದು ತಬ್ಕೊಂತಾಳಲ್ಲ, ಅವಳಿಗ್ಯಾಕೆ ಗಾಜು." ಮಗಳು ಓಡಿ ಬರುತ್ತಾಳೆ ಅಂತ ನಾನು ಹೇಳಿರಲಿಲ್ಲ. ಅವರಿಗೆ ಮೂರು ಹೆಣ್ಣುಮಕ್ಕಳು, ಗೊತ್ತಿತ್ತು. ಹದಿನೈದು ವರ್ಷ ನಾನು ಆ ಕೆಲಸ ಮಾಡಿದೆ, ನನ್ನ ಮಗಳ ಮೈಗೆ ಒಂದು ದಿನ ನವೆ ಬರಲಿಲ್ಲ. ಈಗ ಅವಳ ಮೈಗೆ ಅಂಟಿಕೊಂಡು ಇನ್ನೊಂದು ಮಲಗಿದೆ. ಅದರ ಕೆನ್ನೆ ನೋಡಿದಾಗಲೆಲ್ಲ ನನಗೆ ಆ ಮರೆಯ ಸೀರೆ ಜ್ಞಾಪಕಕ್ಕೆ ಬರುತ್ತದೆ.

ಉಸ್ತಾದರಿಗೆ ಒಂದು ಚಾಳಿ. ಏನೇ ಸಿಗಲಿ, ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಿದ್ದರು. ಒಳಗೆ ಗಾಳಿ ಉಳಿದಿದ್ದರೆ ಸದ್ದು ಬೇರೆ. ಬಸ್ಸಿನ ಸೀಟು, ಡಾಕ್ಟರ ಕುರ್ಚಿ, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಸಲ ನಾವು ಮೂವರೂ ಹಲಸೂರು ಕೆರೆ ಪಕ್ಕ ಹೋಗುತ್ತಿದ್ದಾಗ ಅಲ್ಲೊಂದು ಮೊಲದ ಡಬ್ಬಿ ಕಂಡಿತು. ಹೋಗಿ ಅದರ ಹೊಟ್ಟೆ ತಟ್ಟಿದರು, ಬೆನ್ನು ತಟ್ಟಿದರು, ಕಿವಿ ಇಟ್ಟು ಕೇಳಿದರು. ಹೋಗುವವರೆಲ್ಲ ನಿಂತು ನೋಡುತ್ತಿದ್ದಾರೆ.

"ನಮ್ದಲ್ಲ," ಅಂದರು.

ಸೆಲ್ವಂ, "ಬಾಯ್, ಮೊಲಕ್ಕೆ ಜ್ವರ ಎಷ್ಟಿದೆ ಕೇಳ್ಬಿಟ್ಟು ಬನ್ನಿ," ಅಂದ. ಅವನ ತಲೆಗೂ ಒಂದು ತಟ್ಟಿದರು. "ಇದೂ ನಮ್ದಲ್ಲ. ಪೂರಾ ಪೊಳ್ಳು."

ಅವರಿಗೆ ಎದೆ ಸರಿ ಇರಲಿಲ್ಲ, ಕೆಮ್ಮುತ್ತಿದ್ದರು. ಆಸ್ಪತ್ರೆಯಲ್ಲಿ ತೆಗೆಸಿದ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ ನಮಗೆ ಒಂದೊಂದು ತುಂಡು ಕೊಟ್ಟರು, ರೆಸಿನ್ ಸಮ ಮಾಡಿ ಎಳೆಯುವುದಕ್ಕೆ ಅದು ಬಹಳ ಚೆನ್ನಾಗಿರುತ್ತದೆ. ಪಕ್ಕೆಲುಬು ಕಾಣುತ್ತಿತ್ತು ಅದರಲ್ಲಿ. "ನನ್ ಎದೆ ಮೇಲೆ ಜೋರಾಗಿ ಉಜ್ಜಬೇಡಿ," ಅನ್ನುತ್ತಿದ್ದರು.

ಕಲಸುವ ಕೆಲಸ ಮಾತ್ರ ಅವರದೇ. ರೆಸಿನ್ನಿಗೆ ಹಾರ್ಡ್ನರ್ ಅಂತ ಒಂದು ನೀರು ಹಾಕಬೇಕು, ಹಾಕಿದರೇನೇ ಗಟ್ಟಿಯಾಗುವುದು. ಎಷ್ಟು ಅನ್ನುವುದಕ್ಕೆ ತೂಕ ಇಲ್ಲ, ಕಣ್ಣಂದಾಜು, ಮುಚ್ಚಳದ ಲೆಕ್ಕ. ಬಿಸಿಲಿದ್ದರೆ ಕಡಿಮೆ. ಚಳಿ ಇದ್ದರೆ ಒಂದು ಮುಚ್ಚಳ ಜಾಸ್ತಿ, ಇಲ್ಲದಿದ್ದರೆ ಸಂಜೆಯಾದರೂ ಹಸಿ ಹಸಿ. ಹತ್ತು ವರ್ಷ ಪಕ್ಕದಲ್ಲಿ ನಿಂತು ಕೋಲಿನಿಂದ ತಿರುಗಿಸಿದ್ದೇನೆ, ಡಬ್ಬಿ ಮಾತ್ರ ನನ್ನ ಕೈಗೆ ಕೊಟ್ಟಿರಲಿಲ್ಲ. ನನಗೆ ಅದೊಂದು ಆಸೆ ಇತ್ತು.

ಎರಡು ಸಾವಿರದ ಐದೋ ಆರೋ ಇಸವಿ. ಡಿಸೆಂಬರ್ ಚಳಿ. ಇಂದಿರಾನಗರದಿಂದ ಒಂದು ಹುಡುಗಿ ಬಂದಳು, ಕಾಲೇಜು ಓದುವವಳು, ಕೂದಲು ಗಂಡುಹುಡುಗರ ಹಾಗೆ. ಆಟೋ ಮೇಲೆ ಆಳುದ್ದಕ್ಕಿಂತ ಉದ್ದದ ಬಿಳೀ ಹಲಗೆ, ತುದಿ ಚೂಪು, ಹಗ್ಗ ಹಾಕಿ ಕಟ್ಟಿಸಿಕೊಂಡು ಬಂದಿದ್ದಳು.

ಸೆಲ್ವಂ ಕೇಳಿದ, "ಇಷ್ಟುದ್ದ ಇಸ್ತ್ರಿ ಮಾಡೋ ಹಲಗೆ ಯಾರ ಮನೇದಮ್ಮಾ?"

"ಅಯ್ಯೋ ಅಂಕಲ್, ಇದು ಸರ್ಫ್ ಬೋರ್ಡು. ಸಮುದ್ರದಲ್ಲಿ ಅಲೆ ಬರತ್ತಲ್ಲ, ಅದರ ಮೇಲೆ ಇದನ್ನ ಹಾಕಿ ನಿಂತ್ಕೊಳ್ಳೋದು."

"ನಿಂತ್ಕೊಂಡು?"

"ಅಷ್ಟೇ. ನಿಂತ್ಕೊಳ್ಳೋದೇ ಕಷ್ಟ."

ಅದು ಅವಳದಲ್ಲ. ಮಂಗಳೂರು ಕಡೆ ಸಮುದ್ರದ ದಡದಲ್ಲಿ ಅವಳಿಗೆ ಕಲಿಸುವ ಮೇಷ್ಟ್ರದು. ಮನೆಗೆ ತೋರಿಸುತ್ತೇನೆ ಅಂತ ಕೇಳಿ ತಂದಿದ್ದಳು, ಬಸ್ಸಿನ ಮೇಲೆ ಹಾಕಿದಾಗ ಹೊಟ್ಟೆಯ ಕಡೆ ಒಂದು ಗೇಣು ಸೀಳಿತ್ತು. ಅದನ್ನು ಹಾಗೇ ಕೆರೆಗೆ ಬೇರೆ ಇಳಿಸಿದ್ದಳಂತೆ. ಶನಿವಾರ ವಾಪಸ್ ಕೊಂಡೊಯ್ಯಬೇಕು. "ಸರ್‌ಗೆ ಹೇಳಿಲ್ಲ ಅಂಕಲ್, ಸರಿ ಮಾಡ್ಸಿ ಆಮೇಲೆ ಹೇಳ್ತೀನಿ," ಅಂದಳು.

ಉಸ್ತಾದ್ ಹಲಗೆಯನ್ನು ಈ ತುದಿಯಿಂದ ಆ ತುದಿಗೆ ತಟ್ಟಿಕೊಂಡು ಹೋದರು. ಸೀಳಿನ ಒಳಗೆ ಬೆರಳು ಹಾಕಿ, ತೆಗೆದು, ನಾಲಗೆಗೆ ಮುಟ್ಟಿಸಿದರು. "ಉಪ್ಪು. ಕೆರೆ ನೀರಷ್ಟೇ ಅಲ್ಲ, ಹಳೇ ಸಮುದ್ರದ ನೀರೂ ಇದೆ. ಮೊದಲೇ ಎಲ್ಲೋ ಬಿರುಕಿತ್ತು." ಅವರು ಸಮುದ್ರ ನೋಡಿದವರಲ್ಲ. ಸ್ವಲ್ಪ ಹೊತ್ತು ಆ ರುಚಿಯನ್ನು ಬಾಯಲ್ಲೇ ಇಟ್ಟುಕೊಂಡಿದ್ದರು.

ಒಳಗಿದ್ದದ್ದು ಥರ್ಮೋಕೋಲಿನಂಥ ಹಗುರ ಬಿಳೀ ತಿರುಳು. ಅದರ ಕಡಲೆಯಷ್ಟು ಚೂರು ಕಿತ್ತು, ನಮ್ಮ ಮಾಮೂಲಿ ರೆಸಿನ್ ಒಂದು ತೊಟ್ಟು ಬಿಟ್ಟರು. ನೋಡ ನೋಡುತ್ತ ಚೂರು ಕರಗಿ ಮಾಯ. ಸೆಲ್ವಂ ಬಗ್ಗಿ ನೋಡಿ, "ತಿಂದ್ಬಿಡ್ತು," ಅಂದ.

"ಹೌ. ಕೇಳದೆ ಬಳಿದಿದ್ರೆ ಪೂರಾ ಹಲಗೆ ತಿಂತಿತ್ತು. ಇದಕ್ಕೆ ಎಪಾಕ್ಸಿ ಅನ್ನೋ ಬೇರೆ ರೆಸಿನ್ನೇ ಆಗಬೇಕು."

ಮೂರು ದಿನ ಹಲಗೆಯನ್ನು ಮೂಗು ಕೆಳಗಾಗಿ ನೆರಳಿನಲ್ಲಿ ನೇತುಹಾಕಿದರು. ತೊಟ್ಟು ತೊಟ್ಟಾಗಿ ನೀರು ಇಳಿಯಿತು. ನೀರು ಒಳಗಿಟ್ಟುಕೊಂಡು ಮುಚ್ಚಿದರೆ ಅದು ಒಳಗೇ ಕೊಳೆಯುತ್ತದೆ ಅಂತ ಅವರ ಮಾತು. ಅಷ್ಟರಲ್ಲಿ ಎಪಾಕ್ಸಿ ತಂದರು, ಜೊತೆಗೆ ಬೇಕರಿಯವರು ಇಟ್ಟುಕೊಳ್ಳುವಂಥ ಒಂದು ಮುಳ್ಳಿನ ತಕ್ಕಡಿ. ಈ ರೆಸಿನ್ನಿಗೆ ಕಣ್ಣಂದಾಜು ನಡೆಯುವುದಿಲ್ಲವಂತೆ. ನೂರು ಗ್ರಾಮಿಗೆ ಹತ್ತು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಗುರುವಾರ ಒದ್ದೆ ತಿರುಳು ಕೆತ್ತಿ ತೆಗೆದು, ಹೊಸ ಥರ್ಮೋಕೋಲ್ ತುಂಡನ್ನು ಹಲ್ಲು ಕೂರಿಸಿದ ಹಾಗೆ ಕೂರಿಸಿ, ಉಪ್ಪು ಪೇಪರ್‌ನಿಂದ ಉಜ್ಜಿದರು. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿ ಹಳೆಯದು ಎಲ್ಲಿ ಹೊಸದು ಗೊತ್ತಾಗಬಾರದು, ಅಲ್ಲಿಯವರೆಗೆ.

ಶುಕ್ರವಾರ ನಮಾಜ್ ಮುಗಿಸಿ ಬಂದು ಬಟ್ಟೆ ಹಾಸಲು ಶುರು ಮಾಡಿದರು. ಇದಕ್ಕೆ ಮ್ಯಾಟಲ್ಲ, ರೇಷ್ಮೆಯ ಹಾಗೆ ನೇಯ್ದ ಗಾಜಿನ ಬಟ್ಟೆ. ಅವರೇ ತಕ್ಕಡಿಗೆ ಬಗ್ಗಿ ಇನ್ನೂರು ಗ್ರಾಂ ರೆಸಿನ್, ಇಪ್ಪತ್ತು ಗ್ರಾಂ ಹಾರ್ಡ್ನರ್ ತೂಗಿ ಕಪ್ಪನ್ನು ನನ್ನ ಕೈಗೆ ಕೊಟ್ಟು, "ತಿರುಗಿಸು ಮಾ," ಅಂತ ಬಟ್ಟೆಯ ಅಂಚು ಸರಿ ಮಾಡಲು ಆ ಕಡೆ ತಿರುಗಿದರು.

ಚಳಿ ಇತ್ತು. ನಾಳೆ ಹುಡುಗಿ ಬರುತ್ತಾಳೆ. ಹತ್ತು ವರ್ಷ ನೋಡಿದ್ದೇನೆ, ಚಳಿ ಇದ್ದರೆ ಒಂದು ಮುಚ್ಚಳ ಜಾಸ್ತಿ. ಡಬ್ಬಿ ಪಕ್ಕದಲ್ಲೇ ಇತ್ತು. ನಾನು ಒಂದು ಮುಚ್ಚಳ ಹಾರ್ಡ್ನರ್ ಕಪ್ಪಿಗೆ ಸುರಿದು ತಿರುಗಿಸಿದೆ. ಕದ್ದು ಮಾಡಿದೆ ಅಂತ ಅನ್ನಿಸಲಿಲ್ಲ ಆಗ, ಒಳ್ಳೇದು ಮಾಡುತ್ತಿದ್ದೇನೆ ಅನ್ನಿಸಿತು. ಡಬ್ಬಿ ಮುಟ್ಟಿದ ಖುಷಿಯೂ ಇತ್ತು.

ಶನಿವಾರ ಬೆಳಗ್ಗೆ ಉಸ್ತಾದ್ ತೇಪೆಯ ಮೇಲೆ ಹೆಬ್ಬೆರಳು ಒತ್ತಿದರು. ಅಂಟಿಕೊಂಡಿತು. ಬೆಲ್ಲದ ಪಾಕದ ಹಾಗೆ ಎಳೆ ಬಂತು. ಮಧ್ಯಾಹ್ನ ಒತ್ತಿದರೂ ಹಾಗೇ. ಆಗ ನನಗೆ ಗೊತ್ತಾಯಿತು, ಈ ರೆಸಿನ್ನಿಗೆ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಆಗುವುದೇ ಇಲ್ಲ. ಹೇಳಬೇಕು ಅಂತ ಒಂದು ಹೆಜ್ಜೆ ಇಟ್ಟೆ.

ಅವರು ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. "ನನ್ ಕಣ್ಣು ಮಾ," ಅಂದರು. "ತೂಕ ತಪ್ಪಿ ಓದಿದೀನಿ."

ಆ ವರ್ಷ ಅವರು ಬಸ್ ಸ್ಟಾಪಿನಲ್ಲಿ ನಂಬರ್ ಎಷ್ಟು ಅಂತ ಪಕ್ಕದವರನ್ನು ಕೇಳಲು ಶುರು ಮಾಡಿದ್ದರು. ನಾವು ಗಮನಿಸಿ ಗಮನಿಸದ ಹಾಗೆ ಇದ್ದೆವು. ಈಗ ಅವರೇ ಬಾಯಿಬಿಟ್ಟು ಹೇಳಿದರು. ನಾನು ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡೆ. ಕೆಲಸ ಹೋದರೆ ಮಗಳ ಕಾಲೇಜು ಏನು, ಬಾಡಿಗೆ ಏನು. ಅದಿತ್ತು. ಆದರೆ ಅದಷ್ಟೇ ಅಂದರೆ ಸುಳ್ಳು. ಅವರ ಮುಂದೆ ಸಣ್ಣವಳಾಗಲು ಮನಸ್ಸು ಬರಲಿಲ್ಲ.

ಹುಡುಗಿ ಬಂದಾಗ ನನ್ನ ಎದುರಿಗೇ ಹೇಳಿದರು, "ತಪ್ಪು ನಂದು ಬೇಟಿ. ಇವರದಲ್ಲ. ನಿಮ್ ಮೇಷ್ಟ್ರಿಗೆ ಫೋನ್ ಹಚ್ಚು, ನಾನು ಮಾತಾಡ್ತೀನಿ." ಹುಡುಗಿ ಹೆದರುತ್ತ ಹಚ್ಚಿದಳು. ಆ ಕಡೆಯವರು ಏನೋ ಕೇಳಿದರು. ಉಸ್ತಾದ್, "ಮುದುಕ ಆದೆ ಸಾರ್, ಕಣ್ಣು ಮಂದ. ಒಂದು ವಾರ ಕೊಡಿ," ಅಂದರು. "ಆಯ್ತು ಮಾರಾಯ್ರೆ, ಹಲಗೆ ಎಲ್ಲಿಗೆ ಹೋಗ್ತದೆ, ನಿಧಾನಕ್ಕೆ ಮಾಡಿ," ಅಂದರಂತೆ ಆ ಪುಣ್ಯಾತ್ಮರು. ಹುಡುಗಿ ನಕ್ಕಳು. ಸೆಲ್ವಂ ನಕ್ಕ. ನನಗೆ ನಗು ಬರಲಿಲ್ಲ.

ಸಂಜೆ ಮರೆಯಿಂದ ಸೀರೆ ಬದಲಾಯಿಸಿಕೊಂಡು ಹೊರಗೆ ಬಂದರೆ ಉಸ್ತಾದ್ ಡಬ್ಬಿಗಳನ್ನೆಲ್ಲ ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. "ಸೋಮವಾರದಿಂದ ನೀನೇ ಕಲಸು. ನನ್ ಕೈಗೆ ಕೊಡಬೇಡ. ಬಂದಿರೋ ಆರ್ಡರ್ ಮುಗಿಸೋಣ. ಆಮೇಲೆ ಶೆಡ್ಡು ಯಾರಿಗಾದ್ರೂ ಕೊಟ್ಬಿಟ್ಟು ಮನೇಲಿ ಕೂತ್ಕೊಂತೀನಿ."

ಹತ್ತು ವರ್ಷ ಆಸೆಪಟ್ಟ ಡಬ್ಬಿ. ಮನೆಗೆ ಹೋಗಿ ಊಟ ಮಾಡಲಾಗಲಿಲ್ಲ. ಮಗಳು, "ಏನಮ್ಮಾ, ಕಲಸೋ ಕೆಲಸ ಕೊಟ್ರು ಅಂತೀಯ, ಯಾರೋ ಸತ್ತಂಗೆ ಕೂತಿದೀಯ," ಅಂದಳು. ಭಾನುವಾರ ಇಡೀ ದಿನ ಅದೇ. ತೂಕ ತಪ್ಪದ ಮನುಷ್ಯ, ನನ್ನ ಒಂದು ಮುಚ್ಚಳದ ದೆಸೆಯಿಂದ, ತಪ್ಪು ತಮ್ಮ ಕಣ್ಣಿನದು ಅಂತ ನಂಬಿ ಮನೆಯಲ್ಲಿ ಕೂರುತ್ತಾರೆ. ನಲವತ್ತು ವರ್ಷದ ಕೆಲಸ.

ಸೋಮವಾರ ಹೋದಾಗ ಅವರು ನೆಲದ ಮೇಲೆ ಕೂತು ಹಲಗೆಯ ಅಂಟನ್ನು ಬಟ್ಟೆಯಿಂದ ಒರೆಸಿ ಒರೆಸಿ ತೆಗೆಯುತ್ತಿದ್ದರು. ಚೀಲ ಕೆಳಗಿಡದೆ ಹೇಳಿದೆ.

"ಉಸ್ತಾದ್, ನಿಮ್ಮ ತೂಕ ಸರಿಯಿತ್ತು. ನಾನು ಜಾಸ್ತಿ ಹಾಕಿದೆ."

ಅವರ ಕೈ ನಿಂತಿತು. "ಏನು?"

"ಹಾರ್ಡ್ನರ್. ಚಳಿ ಇತ್ತಲ್ಲ ಅಂತ. ನೀವು ಆ ಕಡೆ ತಿರುಗಿದಾಗ."

"ಎಷ್ಟು?"

"ಒಂದು ಮುಚ್ಚಳ."

"ಶನಿವಾರ ಯಾಕೆ ಹೇಳಿಲ್ಲ?"

ಚೀಲ ಕೆಳಗಿಟ್ಟೆ. ಬೈಯಲಿ ಅಂತ ಕಾದೆ. ಅವರು ಬೈಯಲಿಲ್ಲ. ಮುಖದ ಮೇಲೆ ಮೆಲ್ಲಗೆ ಏನೋ ಬಂತು, ನಗು ಅಂತ ಆಮೇಲೆ ತಿಳಿಯಿತು. "ಸೆಲ್ವಂ, ಕೇಳಿದ್ಯಾ," ಅಂದರು. "ನಂದಲ್ಲವಂತೆ. ಇವಳು ಹಾಕಿದ್ದಂತೆ." ಗೋಡೆ ಹಿಡಿದು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ನಾನು ಮಾಡಿದ ತಪ್ಪಿಗೆ ಒಬ್ಬ ಮನುಷ್ಯ ಅಷ್ಟು ಖುಷಿಪಟ್ಟದ್ದು ನಾನು ಮತ್ತೆಲ್ಲೂ ನೋಡಿಲ್ಲ.

"ತಾ ಆ ತಕ್ಕಡಿ. ಎಷ್ಟು ಹಾಕಿದಾಳೆ ನೋಡೋಣ ಮಹಾತಾಯಿ," ಅಂದರು. ಖಾಲಿ ಕಪ್ಪು ಇಟ್ಟು ಮುಳ್ಳನ್ನು ಸೊನ್ನೆಗೆ ತಂದೆ. ಅದೇ ಮುಚ್ಚಳದಲ್ಲಿ ನೀರು ತುಂಬಿ ಕಪ್ಪಿಗೆ ಸುರಿದರು. ಮುಳ್ಳು ಅಲ್ಲಾಡಿ ನಿಂತಿತು. ಅವರು ಬಗ್ಗಿದರು. ಇನ್ನೂ ಬಗ್ಗಿದರು. ಮೂಗು ತಕ್ಕಡಿಯ ಗಾಜಿಗೆ ತಗಲುವಷ್ಟು.

"ಹನ್ನೆರಡು," ಅಂದರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಂಕಿ ಓದಲು ಅಷ್ಟು ಸಾಕು. ಮುಳ್ಳು ಏಳರ ಮೇಲೆ ಇತ್ತು.

ಸೆಲ್ವಂ ಹಿಂದಿನಿಂದ ಬಂದು ನೋಡಿದವನೇ ಸರಸರ ಅಚ್ಚು ಒರೆಸಲು ಹೋದ. ಉಸ್ತಾದರಿಗೆ ಅವನು ಹೋದ ರೀತಿಯಿಂದ ಅನುಮಾನ ಬಂತೇನೋ. ತಲೆ ಎತ್ತಿ ನನ್ನನ್ನು ನೋಡಿದರು.

"ಎಷ್ಟು ಮಾ?"

ಹನ್ನೆರಡು ಅನ್ನಬೇಕು ಅಂತ ನಾಲಗೆಗೆ ಬಂತು. ಐದು ನಿಮಿಷದ ಹಿಂದೆ ಅವರ ಮುಖದಲ್ಲಿ ಇದ್ದದ್ದನ್ನು ನಾನೇ ಕೊಟ್ಟಿದ್ದೆ, ನಾನೇ ಕಿತ್ತುಕೊಳ್ಳಬೇಕಿತ್ತು. ಸುಮ್ಮನಿದ್ದು ಎರಡು ದಿನ ಏನಾಗಿತ್ತು ಅಂತಲೂ ಗೊತ್ತಿತ್ತು.

"ಏಳು, ಉಸ್ತಾದ್."

ಕನ್ನಡಕ ತೆಗೆದರು. ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಂಡರು, ಮತ್ತೆ ಬಗ್ಗಿ ನೋಡಿದರು. ಹೊರಗೆ ಗೂಡ್ಸ್ ರೈಲೊಂದು ಹೋಯಿತು, ಅದು ಮುಗಿಯುವವರೆಗೂ ಹಾಗೇ ಬಗ್ಗಿದ್ದರು. ಆಮೇಲೆ ಮೆಲ್ಲಗೆ, "ಹೌ," ಅಂದರು. ಅಷ್ಟೇ.

ನಾನು ಡಬ್ಬಿಗಳನ್ನು ನನ್ನ ಮೇಜಿನಿಂದ ಎತ್ತಿ ಅವರ ಮುಂದೆ ಇಟ್ಟೆ. ನಾನೇ ಕಲಸುತ್ತೇನೆ ಅನ್ನಲು ಬಾಯಿ ಬರಲಿಲ್ಲ, ನೀವೇ ಕಲಸಿ ಅನ್ನಲೂ ಬರಲಿಲ್ಲ. ಅವರು ಡಬ್ಬಿಯನ್ನು ತಟ್ಟಿದರು, ಎಷ್ಟು ಉಳಿದಿದೆ ಅಂತ. ಹೊಸ ಕಪ್ಪು ತೆಗೆದು ತಕ್ಕಡಿಯ ಮೇಲೆ ಇಟ್ಟರು. ತಕ್ಕಡಿಯ ಮುಖವನ್ನು ನನ್ನ ಕಡೆ ತಿರುಗಿಸಿದರು.

"ಕೈ ಇನ್ನೂ ನಡುಗಲ್ಲ ನಂದು," ಅಂದರು. "ನೀನು ಹೇಳ್ತಾ ಹೋಗು."

ಮೊದಲು ರೆಸಿನ್. ಇನ್ನೂರಕ್ಕೆ ನಿಲ್ಲಿಸಿದೆ. ಮುಳ್ಳನ್ನು ಮತ್ತೆ ಸೊನ್ನೆಗೆ ತಂದೆ. ಅವರು ಹಾರ್ಡ್ನರ್ ಡಬ್ಬಿಯನ್ನು ಬಗ್ಗಿಸಿದರು, ಸೂಜಿಯ ದಾರದಷ್ಟು ತೆಳ್ಳಗೆ ಇಳಿಯಿತು. ಅವರು ತಕ್ಕಡಿ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

"ಹದಿನೈದು," ಅಂದೆ. "ಹದಿನೇಳು. ಹದಿನೆಂಟು." ದಾರ ಹನಿಯಾಯಿತು. "ಹತ್ತೊಂಬತ್ತು."

"ಹೇಳು ಮಾ."

"ಇಪ್ಪತ್ತು. ಸಾಕು."

ಕೈ ನಿಂತಿತು.